ಹೆಸರಿನ ಮುಂದಿನ ಪದ

ಬೆಳಿಗ್ಗೆ ಲಿಫ್ಟಿನಲ್ಲಿ ಯಾರದೋ ಮನೆಯ ಒಣಮೀನು ಸುಟ್ಟ ವಾಸನೆ. ನಾನು ಮೀನು ತಿನ್ನುವವನಲ್ಲ. ಆದರೂ ಹನ್ನೆರಡನೇ ಮಹಡಿಯವರೆಗೂ ಮೂಗು ಮುಚ್ಚಲಿಲ್ಲ. ಮಲೇಷ್ಯಾದ ಪೆಟಾಲಿಂಗ್ ಜಯಾದ ಈ ಕಟ್ಟಡದಲ್ಲಿ ನಮ್ಮ ಪಕ್ಕದ ಮನೆಯ ಹಿರಿಯರು ವಾರಕ್ಕೊಮ್ಮೆ ಹೀಗೇ ಮೀನು ಸುಡುತ್ತಿದ್ದರು. ಪಾಕ್‌ಚಿಕ್ ಎನ್ನುತ್ತಿದ್ದೆವು, ಇಲ್ಲಿಯ ಮಾತಿನಲ್ಲಿ ಚಿಕ್ಕಪ್ಪ. ವಾರಕ್ಕೊಮ್ಮೆಯೋ, ಒಂದೇ ಸಲವೋ... ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ.

ಅವರ ಮನೆತನ ಒಂದು ಸಣ್ಣ ದ್ವೀಪವನ್ನು ಆಳಿತ್ತು. ಅಪ್ಪನ ನಂತರ ಮಗ, ಮಗನ ನಂತರ ಮೊಮ್ಮಗ. ತೆಂಗು, ದಡ, ಬಾವಿ ಎಲ್ಲ ಅವರದೇ. ತಂದೆಯ ದೋಣಿ ಕಂಡರೆ ಸುಡುಬಿಸಿಲಲ್ಲೂ ಜನ ಕೊಡೆ ಮಡಚಿ ನಿಲ್ಲಬೇಕಿತ್ತಂತೆ. "ಅದು ತಪ್ಪು ಲಾ," ಅನ್ನುತ್ತಿದ್ದರು; ಆ 'ಲಾ' ಇಲ್ಲಿಯವರ ಮಾತಿನ ಬಾಲ, ನಮ್ಮ 'ಕಣಯ್ಯಾ' ಇದ್ದಂತೆ. ಅನ್ನುವಾಗ ಬೆನ್ನು ಮಾತ್ರ ನೆಟ್ಟಗಾಗುತ್ತಿತ್ತು. ಒಡೆತನ ಹೋಗಿ, ರೆಸಾರ್ಟ್ ಬಂದು, ಅವರಿಗೆ ಉಳಿದದ್ದು ಹೆಸರಿನ ಮುಂದಿನ ಒಂದು ಪದ.

"ದೊರೆಗಳು ಕಸದ ಚೀಲ ತಾವೇ ಹೊರೋದಾ?" ಎಂದು ನನ್ನ ಹೆಂಡತಿ ಕಾಡಿಸುವಳು.

"ಪ್ರಜೆಗಳೆಲ್ಲ ರಜೆ ಹಾಕಿದ್ದಾರಮ್ಮ!"

ಅವರು ಹೇಳಿದ್ದು ಇಂಗ್ಲಿಷಿನಲ್ಲಿ. ಪ್ರಾಸ ನನ್ನದು.

ನನ್ನಲ್ಲಿ ಕೇಳಿದ್ದು ಒಂದೇ ಉಪಕಾರ. ದ್ವೀಪದಲ್ಲಿ ಅವರ ಮನೆತನಕ್ಕೆ ಮಾತ್ರ ಮೀಸಲಾದ ಖಬರಸ್ತಾನವಿತ್ತು. ತಂದೆಯ ಪಕ್ಕದಲ್ಲಿ ಮಣ್ಣಾಗಬೇಕೆಂಬುದು ಅವರ ಆಸೆ. ಅನುಮತಿಗೆ ಅರ್ಜಿ ಆನ್‌ಲೈನ್. "ನೀನು ಕಂಪ್ಯೂಟರಿನವನು, ತುಂಬಿಕೊಡು."

ತುಂಬಿದೆ. ಆ ಪದ ನಮ್ಮ 'ಶ್ರೀ'ಯ ಹಾಗೆ ಬರೀ ಮರ್ಯಾದೆಯದು ಎಂದುಕೊಂಡೆ. ಅರ್ಜಿಯಲ್ಲಿ ಯಾರಾದರೂ ತಮಗೆ ತಾವೇ ಶ್ರೀ ಹಚ್ಚಿಕೊಳ್ಳುತ್ತಾರೆಯೇ? ಬಿಟ್ಟೆ. ಮನೆತನದ ಗುರುತೇ ಅದಾಗಿತ್ತು. "ಬಿಡು ಲಾ, ಹಳೇ ಕಾಲದ್ದು" ಎಂದು ಅವರೇ ಹೇಳಿದ್ದರೆಂದು ಬಹಳ ದಿನ ನೆನಪಿಟ್ಟುಕೊಂಡಿದ್ದೆ. ಇಲ್ಲ. ಆಗ ಅವರು ನನಗೆ ಚಹಾ ಮಾಡಲು ಒಳಗೆ ಹೋಗಿದ್ದರು.

ಕೆಲವು ತಿಂಗಳ ಮೇಲೆ ಉತ್ತರ ಬಂತು: ಅರ್ಜಿದಾರರು ಆ ಮನೆತನದವರೆಂದು ಹೆಸರಿನಿಂದ ತಿಳಿಯುತ್ತಿಲ್ಲ. ಪಾಕ್‌ಚಿಕ್ ಅದನ್ನು ಎರಡು ಸಲ ಓದಿ, ನನ್ನ ಕಡೆ ನೋಡಿದರು.

"ಒಂದು ಪದ ಬಿಟ್ಟುಹೋಗಿದೆ," ಎಂದೆ.

ಬಿಟ್ಟುಹೋಗಿದೆ! ತಾನಾಗಿಯೇ ಚಪ್ಪಲಿ ಮೆಟ್ಟಿಕೊಂಡು ಹೊರಟ ಹಾಗೆ. ಯಾವ ಭಾಷೆಯಲ್ಲಿ ಹೇಳಿದೆನೋ... ಅದರಲ್ಲಿ 'ನಾನು' ಇರಲಿಲ್ಲ.

ತಿದ್ದಿ ಮತ್ತೆ ಕಳಿಸಿದೆವು. ಉತ್ತರ ಬರುವ ಮೊದಲೇ ಅವರು ತೀರಿಕೊಂಡರು. ಅವರಲ್ಲಿ ಶವವನ್ನು ಕಾಯಿಸುವುದಿಲ್ಲ. ಅಂದು ಸಂಜೆಯೊಳಗೆ ಹೆದ್ದಾರಿ ಪಕ್ಕದ ಖಬರಸ್ತಾನದಲ್ಲಿ, ಯಾರು ಯಾರದೋ ಗೋರಿಗಳ ಸಾಲಿನಲ್ಲಿ ಮಣ್ಣು ಮಾಡಿದರು. ನಾನು ಎಲ್ಲರ ಹಿಂದೆ ನಿಂತಿದ್ದೆ.

ಇವತ್ತು ಲಿಫ್ಟಿನಿಂದ ಹೊರಬಂದರೆ ಎದುರಿಗೆ ಅವರ ಮಗಳು. ಮನೆ ಮಾರಿ, ಕೊನೆಯ ಸಾಮಾನು ಒಯ್ಯುತ್ತಿದ್ದಳು. "ಅಂಕಲ್, ಅಪ್ಪನಿಗಾಗಿ ನೀವು ಎಷ್ಟು ಕಷ್ಟಪಟ್ಟಿರಿ. ಆ ಆಫೀಸಿನವರು ಹೆಸರು ತಪ್ಪು ಮಾಡದಿದ್ದರೆ..."

"ಹೌದಮ್ಮಾ," ಎಂದೆ. ಅವಳಿಗೆ ಲಿಫ್ಟಿನ ಬಾಗಿಲು ಹಿಡಿದುಕೊಂಡೆ.

ಈಗ ಬರೆಯುತ್ತಿದ್ದೇನೆ: ಬಿಟ್ಟವನು ನಾನು. ಅವಳಿಗೆ ಕನ್ನಡ ಬರುವುದಿಲ್ಲ.