ದೀಪದ ಮಾಡದೊಳಗಿನ ಮೀನು

ಬಸವನ ಬಾಗೇವಾಡಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟವನ ಹಣೆಬರಹ ಮದುವೆ, ಬಸುರಿಯರ ಕುಬಸ, ಪಾಸ್‌ಪೋರ್ಟ್ ಸೈಜು ಇಷ್ಟರಲ್ಲೇ ಮುಗಿಯುತ್ತದೆ. ಸಿಂದಗಿಯ ಮದುವೆಗೆ ಹೋದರೂ ಅದೇ ಅಕ್ಕಿಕಾಳು, ಇಂಡಿ ಊರಿನ ಮದುವೆಗೆ ಹೋದರೂ ಅದೇ ಅಕ್ಕಿಕಾಳು. ಬೀಗರು ಊಟಕ್ಕೆ ಕೂತಾಗ ತೆಗೀರಿ ತೆಗೀರಿ ಅನ್ನುವವರೂ ಅವರೇ, ಆಮೇಲೆ ಬಾಯಿ ತೆರೆದಾಗ ಯಾಕ್ ತಗದ್ರಿ ಅಂತ ಜಗಳಕ್ಕೆ ಬರುವವರೂ ಅವರೇ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಹಾಗಾಗಿ ಒಂದು ಬೇಸಿಗೆಯಲ್ಲಿ ಆಲಮಟ್ಟಿ ಕಡೆಯಿಂದ ಒಬ್ಬ ಇಂಜಿನಿಯರ್ ಸಾಹೇಬರು ಬಂದು, "ಹಿನ್ನೀರಿನ್ಯಾಗ ನಿಂತ ಜಾಕ್‌ವೆಲ್ಲು, ಕಂಬ, ಗ್ವಾಡಿ ಎಲ್ಲಾದರದೂ ಫೋಟೋ ಬೇಕ್ರಿ. ನೀರಿನ ಮ್ಯಾಲಿಂದು ಬೇಕು, ನೀರಿನ ಬುಡಕಿಂದು ಸಿಕ್ಕರ ಇನ್ನೂ ಚಲೋ" ಅಂದಾಗ ಸ್ವರ್ಗಕ್ಕೆ ಮೂರೇ ಗೇಣು ಉಳಿದ ಹಾಗಾಯಿತು. ಕಂಬಕ್ಕೆ ನಗ್ರಿ ಅಂತ ಹೇಳಬೇಕಿಲ್ಲ ನೋಡ್ರಿ.

ಎರಡು ಸಾವಿರದ ಇಸವಿ ದಾಟಿದ ಹೊಸತು ಅದು. ನಮ್ಮ ಕಡೆ ಇನ್ನೂ ರೀಲಿನ ಕ್ಯಾಮೆರಾಗಳೇ. ಹೊಳೆ ಹೋಗಿ ಸಮುದ್ರದಂಥ ಹಿನ್ನೀರಾಗಿತ್ತು. ಅದರ ನಡುವೆ, ಮುಳವಾಡದ ಎತ್ತರದ ಹೊಲಗಳಿಗೆ ನೀರು ಹತ್ತಿಸುವ ಪಂಪುಗಳಿಗಾಗಿ ಕಟ್ಟಿದ ದುಂಡನೆಯ ಕಾಂಕ್ರೀಟ್ ಬಾವಿ ಗೋಪುರದ ಹಾಗೆ ನಿಂತಿತ್ತು. ಜಾಕ್‌ವೆಲ್ ಅನ್ನುವುದು ಅದಕ್ಕೇ. ಬೇಸಿಗೆಯಲ್ಲಿ ನೀರು ಇಳಿದು ತಿಳಿಯಾದಾಗ ಅದರ ಕಾಲುಗಳು ಕಾಣುತ್ತವೆ. ಬಿರುಕು ಬಿಟ್ಟಿದೆಯೋ, ಪಾಚಿ ಕಟ್ಟಿದೆಯೋ ಅಂತ ನೋಡಲು ಅವರಿಗೆ ಫೋಟೋ ಬೇಕಿತ್ತು.

ಮೋಟರ್ ಬೋಟು ಕೊಡುತ್ತೇವೆ ಅಂದರು. ನಾನು ಬೇಡ ಅಂದೆ. ಅದು ನಡುಗುವ ನಡುಕಕ್ಕೆ ಫೋಟೋ ಕೆಡುತ್ತದೆ, ಸದ್ದಿಗೆ ಮೀನು ಓಡುತ್ತವೆ. ನನಗೆ ನೆನಪಾದವನು ಮಾಮಾ, ನಮ್ಮ ಅವ್ವನ ತಮ್ಮ. ಅವನ ಊರು, ಅಂದರೆ ಅವ್ವನ ತವರು, ಹೊಳೆದಂಡೆಯಲ್ಲಿದ್ದದ್ದು ಈಗ ಹಿನ್ನೀರಿನ ಬುಡದಲ್ಲಿತ್ತು. ಮಾಮಾ ದಿಬ್ಬದ ಮೇಲಿನ ಹೊಸ ಊರಿನಲ್ಲಿ ಮನೆ ಕಟ್ಟಿಕೊಂಡಿದ್ದ. ಉಳಿದ ಒಂದು ತುಂಡು ಹೊಲ ನೀರಿನ ಆಚೆ ಬಿದ್ದದ್ದರಿಂದ, ಬಿದಿರ ಬುಟ್ಟಿಗೆ ಡಾಂಬರು ಬಳಿದ ತೆಪ್ಪ ಇಟ್ಟುಕೊಂಡು ಮೇವು ತರುತ್ತಿದ್ದ. ಮೀನು ಹಿಡಿಯುವವನಲ್ಲ, ತಿನ್ನುವವನಂತೂ ಅಲ್ಲವೇ ಅಲ್ಲ. ಹಣೆ ತುಂಬ ವಿಭೂತಿ, ಬಾಯಿ ತುಂಬ ಚೇಷ್ಟೆ.

ಅವ್ವ ಮಾತ್ರ ಅವನ ಹೊಸ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಊರು ಬಿಡುವಾಗ ಮಾಮಾ ತನ್ನ ಕೈಯಾರೆ ಹಳೆಯ ಮನೆಯ ಬಾಗಿಲು ಕಿತ್ತು, ತೊಲೆ ಇಳಿಸಿ, ಟ್ರ್ಯಾಕ್ಟರಿಗೆ ಹೇರಿದ್ದನ್ನು ಅವ್ವ ನಿಂತು ನೋಡಿದ್ದಳು. ಹೇರುವಾಗ ಅವನು ಆಳುಗಳ ಜೊತೆ ಚೇಷ್ಟೆ ಮಾಡಿ ನಗುತ್ತಿದ್ದನಂತೆ. ಆ ನಗು ಆಕೆಯ ಹೊಟ್ಟೆಯಲ್ಲಿ ಮುಳ್ಳಾಗಿ ಕೂತುಬಿಟ್ಟಿತು. "ಅಂವಗೇನ್ ಬ್ಯಾನಿ? ಒಂದು ಮನಿ ಕೆಡವಿದ, ಒಂದು ಮನಿ ಕಟ್ಟಿದ. ತವರ ಹೋದದ್ದು ನಂದು" ಅನ್ನುತ್ತಿದ್ದಳು. ನಮ್ಮ ಕಡೆ ನಾಗರ ಪಂಚಮಿಗೆ ತಮ್ಮನಾದವನು ಬಂದು ಕರೆದರೇ ಅಕ್ಕ ತವರಿಗೆ ಹೊರಡುವುದು. ಮಾಮಾ ವರ್ಷಾ ವರ್ಷ ಕೊಬ್ಬರಿ, ಕುಬಸದ ಕಣ ಹಿಡಿದು ಬರುತ್ತಿದ್ದ. ಅವ್ವ ಒಂದು ವರ್ಷ ಮೊಣಕಾಲು ಅಂದಳು, ಒಂದು ವರ್ಷ ಎಮ್ಮೆ ಈಯುತ್ತದೆ ಅಂದಳು. ಅವನು ಚಹಾ ಕುಡಿದು, ಸುಳ್ಳು ನಗು ನಕ್ಕು, ಒಬ್ಬನೇ ಹೋಗುತ್ತಿದ್ದ.

ತೆಪ್ಪ ಕೇಳಲು ಹೋದಾಗ ಮಾಮಾ ಖುಷಿಯಿಂದ ಒಪ್ಪಿದ. ನಾನು ಎದ್ದು ಹೊರಡುವಾಗ ಮುಖ ಆ ಕಡೆ ತಿರುಗಿಸಿಕೊಂಡು ಅಂದ: "ಅಳಿಯಾ, ನಿಮ್ಮವ್ವಗ ಹೇಳಿಬಿಡಪಾ. ಈ ಸಲ ಪಂಚಮಿಗೆ ನಾ ಕರಿಯಾಕ ಬರಂಗಿಲ್ಲ. ಹೋಗೂದು, ಬರೇ ಕೈಲೆ ಹೊಳ್ಳಿ ಬರೂದು ಸಾಕಾಗೇತಿ. ಮಂದಿ ಕೇಳ್ತಾರ, ನಿಮ್ಮಕ್ಕ ಎಲ್ಲಿ ಅಂತ. ಏನ್ ಹೇಳ್ಲಿ?"

ತಮ್ಮ ಕರೆಯುವುದು ಬಿಟ್ಟರೆ ಅಲ್ಲಿಗೆ ತವರು ಮುಗಿದಂತೆ. ಅವ್ವ ತಾನಾಗಿ ಹೋಗುವ ಪೈಕಿ ಅಲ್ಲ, ಇವನು ಬೇಡುವ ಪೈಕಿ ಅಲ್ಲ. ಇಬ್ಬರೂ ಒಂದೇ ಗಿಡದ ಮೆಣಸಿನಕಾಯಿ. ನಾನು ಅವ್ವನಿಗೆ ಈ ಮಾತು ಹೇಳಿದಾಗ ಆಕೆ ಜೋಳ ಹಸನು ಮಾಡುತ್ತಿದ್ದಳು. "ಬ್ಯಾಡಾದ್ರ ಬಿಡ್ಲಿ" ಅಂದಳು, ಆದರೆ ಆಮೇಲೆ ಬಹಳ ಹೊತ್ತು ಅದೇ ಮೊರದ ಅದೇ ಜೋಳವನ್ನೇ ಕೇರುತ್ತಾ ಕೂತಳು.

ನೀರಿನೊಳಗಿನ ಫೋಟೋ ತೆಗೆಯುವುದು ಬಾಯಿಮಾತಲ್ಲ. ಮೇಲಿಂದ ತೆಗೆದರೆ ಆಕಾಶ ಬರುತ್ತದೆ, ಇಲ್ಲದಿದ್ದರೆ ನಮ್ಮದೇ ಮಾರಿ ಬರುತ್ತದೆ. ಅದಕ್ಕೆ ನಾನೊಂದು ಹಂಚಿಕೆ ಮಾಡಿದೆ. ಎಣ್ಣೆ ಡಬ್ಬಿಯ ತಳ ಕತ್ತರಿಸಿ, ಅಲ್ಲಿಗೆ ದಪ್ಪ ಗಾಜು ಕೂಡಿಸಿದೆ. ಡಬ್ಬಿಯ ಗಾಜಿನ ಮುಖ ನೀರಿಗೆ ಅದ್ದಿ, ಮೇಲಿಂದ ಕ್ಯಾಮೆರಾ ಇಳಿಬಿಟ್ಟರೆ ನೀರು ಮನೆಯ ಪಡಸಾಲೆಯಷ್ಟು ಸ್ವಚ್ಛ ಕಾಣುತ್ತದೆ. ಮೊದಲ ಸಲ ಅಂಚಿನಲ್ಲಿ ನೀರು ಜಿನುಗಿತು. ಮಾಮಾ ತನ್ನ ತೆಪ್ಪದ ಡಾಂಬರನ್ನೇ ಕಾಯಿಸಿ ಅದಕ್ಕೂ ಬಳಿದ. "ಮಂದಿ ಹೊಳಿಗೆ ಕೊಡಾ ತರ್ತಾರ, ನೀ ಎಣ್ಣಿ ಡಬ್ಬಿ ತಂದೀಯಲ್ಲೋ. ಮೀನಿಗೆ ಒಗ್ಗರಣಿ ಹಾಕಾಂವೇನು?" ಅಂತ ಅಣಕಿಸಿದ.

ಜಾಕ್‌ವೆಲ್ಲಿನ ಬಳಿ ಹೋದಾಗ ಹೊತ್ತು ನೆತ್ತಿಗೆ ಬಂದಿತ್ತು. ಬಿಸಿಲು ನೇರ ಇಳಿದರೆ ಮಾತ್ರ ಬುಡ ಕಾಣುವುದು. ನಾನು ಬರೀ ಕಾಂಕ್ರೀಟು ಸಿಕ್ಕೀತು ಅಂದುಕೊಂಡಿದ್ದೆ. ಎಂಥದರೀ! ಕಂಬಕ್ಕೆ ಹಸಿರು ಪಾಚಿ ಮಖಮಲ್ಲಿನ ಹಾಗೆ ಹತ್ತಿಕೊಂಡು ಅಲ್ಲಾಡುತ್ತಿತ್ತು. ಪಾಚಿಯ ಸಂದಿಯಲ್ಲಿ ಬಸವನಹುಳ, ಸೀಗಡಿ. ಬೆರಳುದ್ದದ ಬೆಳ್ಳನೆಯ ಮೀನುಗಳು ಹಿಂಡುಗಟ್ಟಿ ಕಂಬ ಸುತ್ತುತ್ತಿದ್ದವು, ಒಂದು ಹೊರಳಿದರೆ ಅಷ್ಟೂ ಹೊರಳುತ್ತಿದ್ದವು. ಬುಡದ ನೆರಳಿನಲ್ಲಿ ಮೀಸೆಯ ದೊಡ್ಡ ಮೀನೊಂದು ಬಾಯಿ ಆಡಿಸುತ್ತಾ ಗೌಡರ ಹಾಗೆ ಕೂತಿತ್ತು. ಮೇಲೆ ಕಬ್ಬಿಣದ ಏಣಿಯ ಮೇಲೆ ನೀರುಕಾಗೆಗಳು ರೆಕ್ಕೆ ಒಣಗಿಸುತ್ತಿದ್ದವು. ಸಾಹೇಬರಿಗೆ ಬೇಕಾದ ಫೋಟೋ ಎಲ್ಲಾ ತೆಗೆದೆ, ಆದರೆ ನನ್ನ ಜೀವ ಆ ಮೀನುಗಳಲ್ಲೇ. ಉಸಿರಿನ ಹಬೆ ಗಾಜಿಗೆ ಹತ್ತಬಾರದೆಂದು ಉಸಿರು ಹಿಡಿದು ಬಾಗಿದರೆ ಮಾಮಾ ಹಿಂದಿನಿಂದ ನನ್ನ ಸೊಂಟದ ಪಟ್ಟಿ ಹಿಡಿದಿರುತ್ತಿದ್ದ. ಅಂಥ ಸುಖ ನಾನು ಯಾವ ಮದುವೆಯಲ್ಲೂ ಪಟ್ಟವನಲ್ಲ.

ರೀಲು ಇನ್ನೂ ಉಳಿದಿತ್ತು. ಮಾಮಾ ಕೇಳಿದ: "ನಮ್ಮ ಮನಿ ನೋಡ್ತಿಯೇನು? ನೀರು ಇಳದೇತಿ, ಗ್ವಾಡಿ ತಲಿ ಹೊರಗ ಬಿದ್ದಾವು."

ಮುಳುಗಿದ ಊರಿನ ಓಣಿಯಲ್ಲಿ ತೆಪ್ಪ ನಡೆಸುವುದೆಂದರೆ ಏನು ಹೇಳಲಿ. ಕಲ್ಲಿನ ಗೋಡೆಗಳು ಮೊಣಕಾಲುದ್ದ ನೀರಿನ ಮೇಲೆ ನಿಂತಿದ್ದವು. ಬಾಗಿಲಿಲ್ಲ, ಮಾಳಿಗೆಯಿಲ್ಲ, ಬೇವಿನ ಗಿಡವಿಲ್ಲ. ಎಲ್ಲರೂ ಕಟ್ಟಿಗೆ ಕಿತ್ತುಕೊಂಡು ಹೋದದ್ದರಿಂದ ಎಲ್ಲಾ ಮನೆಗಳೂ ಒಂದೇ ಥರ. ಮಾಮಾ ಅತ್ತಿತ್ತ ಕಣ್ಣಾಡಿಸಿದ. ಒಂದು ಓಣಿಗೆ ಹೋಗಿ ಹೊರಳಿ ಬಂದ, ಇನ್ನೊಂದಕ್ಕೆ ಹೊಕ್ಕ. ಕೊನೆಗೆ ಒಂದು ಬಾಗಿಲ ಕಂಡಿಯ ಮುಂದೆ ತೆಪ್ಪ ನಿಲ್ಲಿಸಿ, "ಇದ ನೋಡು" ಅಂದ.

ಡಬ್ಬಿ ಓರೆಯಾಗಿ ಅದ್ದಿ ನೋಡಿದೆ. ಮಾಳಿಗೆ ಇಲ್ಲದ್ದಕ್ಕೆ ಬಿಸಿಲು ಒಳಗೆಲ್ಲಾ ಬಿದ್ದಿತ್ತು. ಬಾಗಿಲ ಕಂಡಿಯಿಂದ ಮೀನುಗಳು ಒಳಗೆ ಹೋಗುತ್ತಿದ್ದವು, ಹೊರಗೆ ಬರುತ್ತಿದ್ದವು, ಹಬ್ಬದ ಮನೆಯ ಹಾಗೆ. ಬಾಗಿಲ ಪಕ್ಕದ ಗೋಡೆಯಲ್ಲಿ ಸಂಜೆಯ ದೀಪ ಇಡುವ ಮಾಡ ಇತ್ತು, ಅದರೊಳಗೆ ಒಂದೇ ಒಂದು ಸಣ್ಣ ಮೀನು ಹೊರಗೆ ಮುಖ ಮಾಡಿ ನಿಂತಿತ್ತು. ಬಾಲ ಮಾತ್ರ ಮೆಲ್ಲಗೆ ಆಡುತ್ತಿತ್ತು. ನಾನು ಕ್ಲಿಕ್ ಮಾಡಿದೆ. ತಲೆ ಎತ್ತಿದರೆ ಮಾಮಾ ತನ್ನ ಬುತ್ತಿ ಬಿಚ್ಚಿ, ಜೋಳದ ರೊಟ್ಟಿ ಮುರಿದು ಮುರಿದು ನೀರಿಗೆ ಹಾಕುತ್ತಿದ್ದ.

"ಏನ್ ಮಾಡಾಕತ್ತೀ ಮಾಮಾ?"

"ನಮ್ಮ ಮನಿಗೆ ಬಂದಾವು. ಉಪವಾಸ ಕಳಿಸಬಾರದು" ಅಂದ. ಆಮೇಲೆ ಹಣೆಯ ವಿಭೂತಿಯನ್ನೇ ಬೆರಳಿಗೆ ತೆಗೆದು ಬಾಗಿಲ ಮೇಲಿನ ಕಲ್ಲಿಗೆ ಹಚ್ಚಿದ. ನನಗೆ ಅಳು ಬಂತು, ಸುಳ್ಳು ಹೇಳುವುದಿಲ್ಲ.

ಬಿಜಾಪುರದ ಲ್ಯಾಬಿನಿಂದ ಪ್ರಿಂಟು ಬಂದಾಗ ಆ ಫೋಟೋ ಅಷ್ಟು ಚಂದ ಬಂದಿತ್ತು, ಎರಡು ಪ್ರತಿ ದೊಡ್ಡದು ಮಾಡಿಸಿದೆ. ಒಂದನ್ನು ಕಟ್ಟು ಹಾಕಿಸಿ ಮಾಮಾಗೆ ಕಳಿಸಿದೆ. ಇನ್ನೊಂದನ್ನು ಅವ್ವನ ಮುಂದಿಟ್ಟು, "ನೋಡವಾ, ನಿನ್ನ ತವರಮನಿ. ಮೀನು ಸಂಸಾರ ಹೂಡ್ಯಾವು" ಅಂದೆ. ಮಾಮಾ ವಿಭೂತಿ ಹಚ್ಚಿದ್ದು, ರೊಟ್ಟಿ ಹಾಕಿದ್ದು ಎಲ್ಲಾ ಹೇಳಿದೆ. ಇದನ್ನು ನೋಡಿದರೆ ಆಕೆಯ ಮನಸ್ಸು ಕರಗೀತು ಅಂತ ನನ್ನ ಲೆಕ್ಕಾಚಾರ.

ಅವ್ವ ಕನ್ನಡಕ ಹಾಕಿಕೊಂಡು ನೋಡಿದಳು. ಬಹಳ ಹೊತ್ತು ನೋಡಿದಳು. "ಇದು ನಮ್ಮನಿ ಅಲ್ಲ" ಅಂದಳು.

"ಅಲ್ಲೇನು! ಮಾಮಾನೇ ಕರಕೊಂಡು ಹೋಗಿ ತೋರ್ಸ್ಯಾನ."

"ನಮ್ಮ ಮನಿ ದೀಪದ ಮಾಡ ಬಾಗಲದ ಬಲಕ್ಕ. ಇದು ಎಡಕ್ಕ ಐತಿ. ದಿನಾ ಸಂಜಿಗೆ ದೀಪ ಹಚ್ಚಿದಾಕಿ ನಾನು. ನನಗ ಹೇಳ್ತಿಯೇನು?"

ಲ್ಯಾಬಿನವರು ನೆಗೆಟಿವ್ ತಿರುವಿ ಹಾಕಿರಬೇಕು, ಎಡ ಬಲ ಅದಲುಬದಲಾಗಿದೆ ಅಂತ ಅವರಿಗೆ ಬೈಯುತ್ತಾ ಸ್ಟುಡಿಯೋಕ್ಕೆ ಓಡಿದೆ. ನೆಗೆಟಿವ್ ಬೆಳಕಿಗೆ ಹಿಡಿದು ನೋಡಿದೆ. ಅಂಚಿನ ಅಂಕಿಗಳು ಸರಿಯಾಗಿದ್ದವು, ಪ್ರಿಂಟೂ ಸರಿಯಾಗಿತ್ತು. ಮಾಡ ಎಡಕ್ಕೇ ಇತ್ತು. ಸಪ್ಪೆ ಮುಖ ಮಾಡಿಕೊಂಡು ಮನೆಗೆ ಬಂದರೆ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

"ಇದು ಬಾಜೂ ಮನಿಯವರದೋ! ಹೊಲದ ಬದುವಿನ ಜಗಳ ಆದಾಗಿಂದ ನಮ್ಮಪ್ಪ ಸಾಯೂತನಾ ಅವರ ಮನ್ಯಾಗ ಹನಿ ನೀರು ಮುಟ್ಟಲಿಲ್ಲ. ಅವರ ಬಾಗಲಕ್ಕ ಹೋಗಿ ಇಂವ ಇಬತ್ತಿ ಹಚ್ಚಿ, ರೊಟ್ಟಿ ಹಾಕಿ ಬಂದಾನಲ್ಲೋ ಯಪ್ಪಾ!"

ನಗುತ್ತಾ ನಗುತ್ತಾ ಒಮ್ಮೆಲೆ ಅತ್ತುಬಿಟ್ಟಳು. ನಾನು ಗಾಬರಿಯಾದೆ.

"ಹುಟ್ಟಿ ಬೆಳದ ಮನಿ ಗುರುತು ಹತ್ತಲಿಲ್ಲಂತ ಅಂವಗ" ಅಂದಳು. "ನಾ ಇಲ್ಲಿ ಕುಂತು ಕಣ್ಣ ಮುಚ್ಚಿದ್ರ ಸಾಕು, ಎಲ್ಲಾ ಕಾಣ್ತೇತಿ. ಅಂವ ಅದರ ಮುಂದ ಹೋಗಿ ನಿಂತರೂ ಸಿಗಲಿಲ್ಲ. ನನಗಿಂತ ಅಂವಂದೇ ಜಾಸ್ತಿ ಹೋಗೇತಿ. ನಾ ಎಂಥಾಕಿ, ನಗತಿದ್ದ ನಗತಿದ್ದ ಅಂತ ಇಷ್ಟು ವರ್ಷ ಹಲ್ಲು ಕಡಕೊಂಡು ಕುಂತೆ."

ನಾನು ಮಾಮಾಗೆ ಫೋನ್ ಮಾಡಿ ತಪ್ಪು ತಿಳಿಸುತ್ತೇನೆ ಅಂದದ್ದಕ್ಕೆ ಕಣ್ಣು ಕೆಕ್ಕರಿಸಿದಳು. "ತುಟಿ ಬಿಚ್ಚಿದ್ರ ನೋಡು!"

ಪಂಚಮಿಗೆ ಮಾಮಾ ಕರೆಯಲು ಬರಲಿಲ್ಲ, ಹೇಳಿದಂತೆಯೇ. ನಾಗಪ್ಪಗೆ ಹಾಲೆರೆಯುವ ದಿನ ಬೆಳಿಗ್ಗೆ ಅವ್ವ ಇಳಕಲ್ ಸೀರೆ ಉಟ್ಟು, ಉಂಡಿಯ ಡಬ್ಬಿ ಹಿಡಿದು, "ಗಾಡಿ ತಗಿ" ಅಂದಳು. ಕರೆಯದೆ ತವರಿಗೆ ಹೊರಟ ಹೆಣ್ಣುಮಗಳನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಮಾಮಾ ಅಂಗಳದಲ್ಲಿ ಜೋಕಾಲಿಯ ಹಗ್ಗ ಬಿಗಿಯುತ್ತಿದ್ದ. ನಮ್ಮನ್ನು ನೋಡಿ ಹಗ್ಗ ಕೈಯಲ್ಲೇ ಉಳಿಯಿತು. "ಅಕ್ಕಾ... ನಾ ಕರಿಯಾಕ ಬಂದಿದ್ದಿಲ್ಲಲ್ಲ" ಅಂದ.

"ಎಷ್ಟು ಸಲ ಕರಿತಿ? ನನಗೇನ್ ಕಾಲಿಲ್ಲೇನು?" ಅಂದು ಅವ್ವ ಸರಸರ ಒಳಗೆ ಹೋದಳು. ಅವನ ಹೆಂಡತಿ ನೀರು ಕೊಡುವುದನ್ನೂ ಮರೆತು ನಿಂತಳು. ಮೊಣಕಾಲಿನ ಸುದ್ದಿ ಯಾರೂ ತೆಗೆಯಲಿಲ್ಲ. ಹಾಲೆರೆಯುವಾಗ ಅಕ್ಕ ತಮ್ಮ ಇಬ್ಬರೂ ಒಂದೇ ಹಾಲಿನ ಬಟ್ಟಲಿಗೆ ಕೊಬ್ಬರಿ ಅದ್ದಿ, ಮನೆಯ ಒಬ್ಬೊಬ್ಬರ ಹೆಸರಿಗೂ ಎರೆಯುತ್ತಾ, "ಅಪ್ಪನ ಪಾಲು, ಅವ್ವನ ಪಾಲು" ಅಂತ ಒಬ್ಬರ ಮೇಲೊಬ್ಬರು ಗಟ್ಟಿಯಾಗಿ ಹೇಳಿದರು.

ಊಟವಾದ ಮೇಲೆ ಮಾಮಾ ಅವ್ವನನ್ನು ಪಡಸಾಲೆಗೆ ಕರೆದ. ನಾನು ಕಳಿಸಿದ ಫೋಟೋ ಅಲ್ಲಿ ದೇವರ ಫೋಟೋಗಳ ಸಾಲಿನಲ್ಲೇ ಇತ್ತು, ಕುಂಕುಮ ಹಚ್ಚಿ ಹೂವು ಏರಿಸಿದ್ದ.

"ನೋಡಕ್ಕಾ. ಗುರುತು ಹತ್ತೇತೇನು?"

ನಾನು ನೆಲ ನೋಡುತ್ತಾ ನಿಂತೆ. ಅವ್ವ ಹತ್ತಿರ ಹೋಗಿ ಕನ್ನಡಕ ಸರಿಮಾಡಿಕೊಂಡಳು.

"ಹತ್ತದೇನು? ಇದೇ ಬಾಗಲದಾಗ ಕುಂತು ಅವ್ವ ಎಣ್ಣಿ ಹಚ್ಚಿ ನನ್ನ ತಲಿ ಹಿಕ್ಕತಿದ್ಲು. ನೀ ಆಕಿ ತೊಡಿ ಮ್ಯಾಲ ಬಿದ್ದು ಹಠಾ ಮಾಡತಿದ್ದಿ. ನಮ್ಮ ಮನೀನೇ ಅದು."

ಮಾಮಾ ಹೆಗಲ ಮೇಲಿನ ಟವೆಲಿನಿಂದ ಮುಖ ಒತ್ತಿಕೊಂಡ. ಅವನ ದನಿ ಟವೆಲಿನೊಳಗಿಂದಲೇ ಬಂತು.

"ಯಾರ ಮುಂದೂ ಹೇಳಿದ್ದಿಲ್ಲಕ್ಕಾ, ಇದು ನಮ್ಮನಿ ಹೌದೋ ಅಲ್ಲೋ ಅಂತ ನನಗ ಸಂಶೇ ಇತ್ತು. ಇನ್ನ ನೀ ಅಂದ ಮ್ಯಾಲ ಮುಗೀತು."