ಮಾವ ಆರಿಸಿದ ಶಂಖದ ಏಡಿ

ಬಂಗಾರಪೇಟೆಯ ಹೊರಗಿರುವ ನಮ್ಮ ಮನೆಯ ಪಡಸಾಲೆಗೆ ಕಡಲ ನೀರಿನ ಅಕ್ವೇರಿಯಂ ಬಂದದ್ದು ನನ್ನ ಗಂಡನ ಹಾಲಿನ ವ್ಯಾನಿನಲ್ಲಿ. ನಾನು ಬೆಂಗಳೂರಿನ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ನೋಡಿಕೊಳ್ಳುತ್ತೇನೆ. ಕ್ಲಿನಿಕ್ಕು ಚಿಕ್ಕ ಜಾಗಕ್ಕೆ ಬದಲಾಗುವಾಗ ಡಾಕ್ಟರಮ್ಮ, "ಇಷ್ಟು ವರ್ಷ ಇದನ್ನ ನೋಡ್ಕೊಂಡವಳು ನೀನೇ, ನಿಮ್ಮನೇಗೇ ತಗೊಂಡ್ಹೋಗು" ಎಂದುಬಿಟ್ಟರು. ಹವಳದ ಕಲ್ಲುಗಳು, ಎರಡು ಕಿತ್ತಳೆ ಬಣ್ಣದ ಮೀನು, ಗಾಜು ನೆಕ್ಕುತ್ತ ತೆವಳುವ ಒಂದು ದೊಡ್ಡ ಶಂಖದ ಹುಳು, ಎಲ್ಲವನ್ನೂ ಅದೇ ನೀರಿನೊಂದಿಗೆ ಡ್ರಮ್ಮುಗಳಲ್ಲಿ ತುಂಬಿ ತಂದೆವು.

ಆಗ ಮಾವನ ಮೊಣಕಾಲು ಕೈಕೊಟ್ಟಿತ್ತು. ಬೂದಿಕೋಟೆ ಕಡೆಯ ಹೊಲ, ದನ, ಹಾಲು ಎಂದು ಬದುಕಿದ ಮನುಷ್ಯ. ಹಸುಗಳನ್ನು ನನ್ನ ಗಂಡನಿಗೆ ಒಪ್ಪಿಸಿ ಪಡಸಾಲೆಯ ಕುರ್ಚಿಗೆ ಸೇರಿದ ಮೇಲೆ ಅವರ ಮಾತೂ ಕಡಿಮೆಯಾಗಿತ್ತು. ಎದುರಿಗೆ ಅಕ್ವೇರಿಯಂ ಬಂದು ಕೂತಾಗ ಬೇಡ ಅಂದಾರೇನೋ ಎಂದು ನಾನು ಹೆದರಿದ್ದೆ. ಅವರು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು, ಅಷ್ಟೆ.

ತೊಂದರೆ ಶುರುವಾದದ್ದು ಅವರ ಒಳ್ಳೆಯತನದಿಂದಲೇ. ಬೇಸಿಗೆಯಲ್ಲಿ ನೀರು ಆವಿಯಾಗಿ ಮಟ್ಟ ಇಳಿಯುತ್ತದೆ. ಅದಕ್ಕೆ ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದ ನೀರನ್ನೇ ಹಾಕಬೇಕು; ಬೋರ್‌ವೆಲ್ ನೀರಿನ ಲವಣಗಳು ಪಾಚಿಗೆ ಗೊಬ್ಬರವಾಗುತ್ತವೆ. ನಾನು ಕೆಲಸಕ್ಕೆ ಹೋದಾಗ ಮೀನಿಗೆ ನೀರು ಸಾಲದು ಎಂದು ಮಾವ ಬೋರ್‌ವೆಲ್ ನೀರನ್ನು ಚೊಂಬಿನಲ್ಲಿ ತಂದು ಸುರಿಯುತ್ತಿದ್ದರು. ನನಗೆ ಗೊತ್ತಾಗುವ ಹೊತ್ತಿಗೆ ಕಲ್ಲುಗಳ ಮೇಲೆಲ್ಲ ಹಸಿರು ಕೂದಲಿನಂತೆ ಪಾಚಿ ಬೆಳೆದಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆದರೆ ವಾರದೊಳಗೆ ಮತ್ತೆ ಅಷ್ಟೇ. ಪಾಚಿ ಹತ್ತಿದ ಕಡೆ ಹವಳ ಮುದುಡಿಕೊಂಡಿತು. ಬಾಯಿ ಮುಚ್ಚಿದ ಚೀಲದಂತೆ ಕೂತುಬಿಟ್ಟಿತು.

ಡಾಕ್ಟರಮ್ಮನನ್ನು ಕೇಳಿದೆ. "ಹರ್ಮಿಟ್ ಏಡಿ ತಂದು ಬಿಡು. ಖಾಲಿ ಶಂಖದೊಳಗೆ ಹೊಕ್ಕು ಅದನ್ನೇ ಹೊತ್ಕೊಂಡು ತಿರುಗುತ್ತವಲ್ಲ, ಅವು. ಪಾಚಿ ಮೇಯುತ್ತವೆ. ಆದರೆ ನೋಡಿ ಆರಿಸು. ಚಿಕ್ಕವು, ಕೆಂಪು ಕಾಲಿನವು, ಎರಡೂ ಕತ್ತರಿಗಾಲು ಒಂದೇ ಅಳತೆ ಇರೋವು ಸಾಕು. ಒಂದು ಕತ್ತರಿ ದಪ್ಪ ಇರೋದನ್ನ ಮಾತ್ರ ತರಬೇಡ. ಒಂದಷ್ಟು ಖಾಲಿ ಶಂಖಾನೂ ಹಾಕಿಡು, ಬೆಳೆದ ಹಾಗೆ ಮನೆ ಬದಲಾಯಿಸುತ್ತವೆ."

ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಮೀನಿನ ಅಂಗಡಿ ಇದೆ. ಹೇಳಿಟ್ಟರೆ ಅಂಗಡಿಯವರು ಚೆನ್ನೈಯಿಂದ ರೈಲಿನಲ್ಲಿ ಕಡಲ ಜೀವಿಗಳನ್ನೂ ತರಿಸಿಕೊಡುತ್ತಾರೆ. ಭಾನುವಾರ ಹೊರಟಾಗ ಮಾವ ಅಂಗಿ ತೊಟ್ಟು ಕೋಲು ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಎಂಡ್ರಕಾಯಿ ತರಾಕ್ ಓಯ್ತಿದೀಯಂತೆ. ನಾನೂ ಬತ್ತೀನಿ ಕಣಮ್ಮಾ." ಏಡಿಗೆ ಅವರ ಮಾತಿನಲ್ಲಿ ಎಂಡ್ರಕಾಯಿ.

"ಮಾವ, ಬಸ್ ಹತ್ತೋಕಾಗುತ್ತಾ ನಿಮಗೆ?"

"ಎತ್ತು ಆರ್ಸಿದೋನಿಗೆ ಎಂಡ್ರಕಾಯಿ ಆರ್ಸಾಕ್ ಬರಾಕಿಲ್ವಾ? ನಡಿ."

ಆಸ್ಪತ್ರೆ ಬಿಟ್ಟರೆ ಎಲ್ಲಿಗೂ ಹೊರಡದಿದ್ದ ಮನುಷ್ಯ ತಾವಾಗಿ ಹೊರಟಿದ್ದು ನೋಡಿ ನನಗೆ ಬೇಡ ಎನ್ನಲಾಗಲಿಲ್ಲ. ಗಂಡನಿಗೆ ಹೇಳಿ ವ್ಯಾನಿನಲ್ಲೇ ಹೋದೆವು.

ಅಂಗಡಿಯವರು ಅಗಲ ಟ್ರೇಯೊಂದನ್ನು ಮುಂದಿಟ್ಟರು. ಉಗುರಿನಷ್ಟು ಶಂಖಗಳು ಚೆಲ್ಲಿದಂತಿದ್ದವು. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಒಂದೊಂದರಿಂದಲೇ ಕೆಂಪು ಕಾಲು ಹೊರಗೆ ಬಂದು, ಕಡ್ಡಿಯಂಥ ಕಣ್ಣು ಎದ್ದು, ಶಂಖ ನಡೆಯತೊಡಗುತ್ತಿತ್ತು. ಮುಟ್ಟಿದೊಡನೆ ಚುರುಕಾಗಿ ಒಳಸರಿಯುವುದನ್ನು, ಕಾಲು ಯಾವುದೂ ಮುರಿಯದಿರುವುದನ್ನು ನೋಡಿ ನೋಡಿ ನಾನು ಚಿಕ್ಕವನ್ನು ಆರಿಸಿದೆ. ಮಾವ ಬೇರೆ ತೊಟ್ಟಿಯ ಮುಂದೆ ನಿಂತಿದ್ದರು. ಅದರಲ್ಲಿ ನಿಂಬೆಹಣ್ಣಿನ ಗಾತ್ರದ ಒಂದು ಏಡಿ, ಎಡಗಡೆಯ ದಪ್ಪ ಕತ್ತರಿಗಾಲನ್ನು ಬಾಗಿಲಿನಂತೆ ಅಡ್ಡ ಹಿಡಿದು ಕೂತಿತ್ತು.

"ಇದು ಕಣಮ್ಮಾ ಎಂಡ್ರಕಾಯಿ ಅಂದ್ರೆ! ಮೈಕಟ್ಟು ನೋಡು. ಆ ಪಿಳ್ಳೆಗಳು ಏನ್ ಮೇಯ್ತವೆ?"

ಅಂಗಡಿಯವರು ನಕ್ಕು ತಮ್ಮ ತಮಿಳುಗನ್ನಡದಲ್ಲಿ ಹಿರಿಯರಿಗೆ ಹೇಳಿದರು: "ಪೆರಿಯವರೇ, ಅದು ಬ್ಯಾಡ. ರೌಡಿ ಅದು. ಪಕ್ಕದಲ್ಲಿ ಯಾರನ್ನೂ ಬಿಡಲ್ಲ."

"ಗೇಯೋ ಎತ್ತು ಒಂಚೂರು ಕೊಂಬಲ್ಲಿ ತಿವೀತದೆ ಬಿಡಪ್ಪ."

ನಾನೂ ಡಾಕ್ಟರಮ್ಮ ಹೇಳಿದ್ದನ್ನು ಹೇಳಿ ನೋಡಿದೆ. ಅವರ ಮುಖದಲ್ಲಿ ಅಂಥ ಉಮೇದು ಕಂಡು ಎಷ್ಟೋ ಕಾಲವಾಗಿತ್ತು. ಸಂತೆಯಲ್ಲಿ ದನದ ಸುತ್ತ ತಿರುಗಿ ನೋಡುವವರಂತೆ ತೊಟ್ಟಿಯ ಸುತ್ತ ಕೋಲೂರಿಕೊಂಡು ತಿರುಗುತ್ತಿದ್ದರು. ಕೊನೆಗೆ ಅದೂ ನಮ್ಮ ಜೊತೆ ಬಂತು.

ಚಿಕ್ಕವು ಬಂದ ದಿನವೇ ಕೆಲಸಕ್ಕೆ ಇಳಿದವು. ಎರಡು ಪುಟ್ಟ ಕತ್ತರಿಗಳಿಂದ ಪಾಚಿಯ ಎಳೆ ಕಿತ್ತು ಕಿತ್ತು ಬಾಯಿಗೆ ಹಾಕಿಕೊಳ್ಳುವುದನ್ನು ನೋಡಿದರೆ ಕಳೆ ತೆಗೆಯುವ ಹೆಂಗಸರ ಸಾಲು ನೆನಪಾಗುತ್ತಿತ್ತು. ದೊಡ್ಡದು ಪಾಚಿಯನ್ನು ಮೂಸಲೂ ಇಲ್ಲ. ಮೊದಲು ಹವಳದ ಒಂದು ಕಲ್ಲನ್ನು ಉರುಳಿಸಿತು. ಎತ್ತಿಟ್ಟೆವು. ಮಾರನೆಯ ದಿನ ಇನ್ನೊಂದು. ಮತ್ತೊಂದು ದಿನ ನಾನು ಅಡುಗೆಮನೆಯಲ್ಲಿದ್ದಾಗ ಮಾವ ಕರೆದರು.

"ಬಾ ಇಲ್ಲಿ. ನಮ್ ಶಂಖದುಳ ಎಲ್ಲಮ್ಮಾ?"

ಶಂಖವೇನೋ ಅಲ್ಲೇ ಇತ್ತು, ಬೇಗ ಬೇಗ ನಡೆಯುತ್ತಿತ್ತು. ಅದರ ಬಾಯಿಂದ ದಪ್ಪ ಕತ್ತರಿಗಾಲು ಇಣುಕುತ್ತಿತ್ತು. ಹುಳುವನ್ನು ತಿಂದು ಅದರ ಮನೆಯನ್ನೂ ಹಿಡಿದಿತ್ತು ನಮ್ಮ ರೌಡಿ. ಸಂಜೆ ಅದನ್ನು ಹಿಡಿಯಲು ನಾನು, ಗಂಡ ಇಬ್ಬರೂ ಕೈಹಾಕಿದೆವು. ಕಲ್ಲಿನ ಸಂದಿಗೆ ಹೊಕ್ಕು ಹೊರಗೆ ಬರಲೇ ಇಲ್ಲ.

ಮರುದಿನ ನಾನು ಕೆಲಸಕ್ಕೆ ಹೊರಟಿದ್ದ ಬೆಳಗಿನ ರೈಲು ಟೇಕಲ್ ದಾಟುವಾಗ ಫೋನು ಬಂತು. ಮಾವ ತಾವಾಗಿ ನನಗೆ ಫೋನು ಮಾಡಿದವರೇ ಅಲ್ಲ. ಅವರಿಗೇ ಏನೋ ಆಗಿದೆ ಎಂದುಕೊಂಡು ಗಡಬಡಿಸಿ ಎತ್ತಿದೆ.

"ಸತ್ತೋಯ್ತು ಕಣಮ್ಮಾ. ಕೆಂಪುಕಾಲಿಂದು ಒಂದು. ಆಚೆಗೆ ಎಳೆದಾಕ್ಬಿಟ್ಟದೆ, ಕಾಲೆಲ್ಲಾ ಚಾಚ್ಕೊಂಡು ಬಿದ್ದದೆ. ನಾನ್ ತಂದಿದ್ದೇ ಕೊಂದಾಕ್ತು."

"ಮಾವ, ನೀವು ಕಾಫಿ ಕುಡಿದ್ರಾ?"

"ಯಾತರ ಕಾಫಿ. ನಿಂಗೆ ಬುದ್ಧಿ ಐತೆ, ಅಂಗಡಿಯೋನ್ಗೂ ಐತೆ. ನಂಗೆ ಇಲ್ದೆ ಓಯ್ತು. ನೀರು ಕೆಡ್ಸಿದ್ದೂ ನಾನೇ..." ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು.

ಮಾಲೂರು, ವೈಟ್‌ಫೀಲ್ಡ್, ಎಲ್ಲೆಲ್ಲಿ ಪ್ರಯತ್ನಿಸಿದರೂ ಫೋನು ಎತ್ತಲಿಲ್ಲ. ಒಂದು ಏಡಿ ಹೋದರೆ ಹೋಗಲಿ, ಈ ಮನುಷ್ಯ ಮತ್ತೆ ಆ ಕುರ್ಚಿಯಲ್ಲಿ ಮೊದಲಿನಂತೆ ಮಂಕಾಗಿ ಕೂತುಬಿಟ್ಟರೆ ಎಂಬುದೇ ನನ್ನ ಚಿಂತೆ. ಕ್ಲಿನಿಕ್ಕು ತಲುಪಿ, ಬ್ಯಾಗು ಕೆಳಗಿಡುವ ಮೊದಲೇ ಡಾಕ್ಟರಮ್ಮನಿಗೆ ಹೇಳಿದೆ. ಅವರು ಗ್ಲೌಸು ಹಾಕಿಕೊಳ್ಳುತ್ತ ಕೇಳಿದರು: "ಕಾಲೆಲ್ಲ ಪೂರ್ತಿ ಇದೆ ಅಂದ್ರಾ? ಹಾಗಾದ್ರೆ ಎತ್ತಿ ಮೂಸಿ ನೋಡೋಕೆ ಹೇಳು. ಸತ್ತ ಏಡಿ ಸಹಿಸಲಾಗದಷ್ಟು ನಾರುತ್ತೆ. ನಾರದಿದ್ರೆ ಅದು ಬರೀ ಪೊರೆ. ಹಾವಿನ ಥರ ಇವೂ ಪೊರೆ ಬಿಡುತ್ತವೆ."

ಈ ಸಲ ಮಾವ ಎತ್ತಿದರು. ಹೇಳಿದೆ. ಫೋನನ್ನು ಕೆಳಗಿಟ್ಟ ಸದ್ದು, ಕೋಲಿನ ಸದ್ದು, ಅಡುಗೆಮನೆಯಲ್ಲಿ ಪಾತ್ರೆ ತಡಕಾಡಿದ ಸದ್ದು. ಟೀ ಸೋಸುವ ಜಾಲರಿ ಹುಡುಕುತ್ತಿದ್ದರೆಂದು ಆಮೇಲೆ ತಿಳಿಯಿತು. ನೀರು ತೊಟ್ಟಿಕ್ಕಿತು. ಆಮೇಲೆ ಏನೂ ಇಲ್ಲ. ಎದುರಿಗೆ ಹಲ್ಲುನೋವಿನವರೊಬ್ಬರು ಕೆನ್ನೆ ಹಿಡಿದು ನಿಂತಿದ್ದರು. ಅವರಿಗೆ ಕೂರುವಂತೆ ಕೈಮಾಡಿ ನಾನು ಫೋನನ್ನು ಕಿವಿಗೆ ಒತ್ತಿಕೊಂಡೆ.

"ವಾಸ್ನೆನೇ ಇಲ್ಲಮ್ಮಾ!" ಎಂದು ಮಾವ ಕೂಗಿದರು. "ಬರೀ ಸಿಪ್ಪೆ ಕಣಮ್ಮಾ. ಈರುಳ್ಳಿ ಸಿಪ್ಪೆ ಇದ್ದಂಗೈತೆ. ಊದುದ್ರೆ ಆರೋಯ್ತದೆ. ಒಳ್ಗೆ ಏನೂ ಇಲ್ಲ."

"ಅಂದ್ರೆ ಬದುಕಿದೆ, ಮಾವ. ಎಲ್ಲೋ ಶಂಖದೊಳಗೆ ಅಡಗಿರುತ್ತೆ. ಹೊಸ ಚರ್ಮ ಗಟ್ಟಿಯಾಗೋ ತನಕ ಬರಲ್ಲ."

"ಅಂಗಾ..." ಎಂದರು. "ಅಂಗಾದ್ರೆ ಕಾಫಿ ಕಾಯ್ಸ್ಕೊಂತೀನಿ ಬಿಡು." ನನಗೆ ನಗು ಬಂತು, ಅದರ ಹಿಂದೆಯೇ ಕಣ್ಣೀರೂ ಬಂತು. ಹಲ್ಲುನೋವಿನವರು ನನ್ನನ್ನು ವಿಚಿತ್ರವಾಗಿ ನೋಡಿದರು.

ರೌಡಿಯನ್ನು ಮುಂದಿನ ಭಾನುವಾರದೊಳಗೆ ಹಿಡಿದೆವು. ಮೀನಿನ ತುಂಡನ್ನು ದಾರಕ್ಕೆ ಕಟ್ಟಿ ಸಂದಿಯ ಬಾಯಲ್ಲಿ ಆಡಿಸಿದ್ದು ಮಾವನೇ. ಕೆರೆ ಏರಿಯ ಬಿಲದಿಂದ ಏಡಿ ಹಿಡಿಯುವ ಉಪಾಯವಂತೆ. ಅಂಗಡಿಯವರು ತಕರಾರಿಲ್ಲದೆ ವಾಪಸು ತೆಗೆದುಕೊಂಡು ಅದರ ಹಳೆಯ ತೊಟ್ಟಿಗೇ ಬಿಟ್ಟರು. ಮಾವ ಈ ಸಲ ಅಗಲ ಟ್ರೇಯ ಮುಂದೆ ಕೂತು, ಕತ್ತರಿಗಾಲು ಅಳತೆ ನೋಡಿ, ಮುಟ್ಟಿ ನೋಡಿ, ಕೆಂಪುಕಾಲಿನ ಚಿಕ್ಕವನ್ನೇ ಆರಿಸಿದರು. "ಇದು ಬೇಡ, ಸೋಂಬೇರಿ" ಎಂದು ಒಂದನ್ನು ತಿರುಗಿ ಇಟ್ಟರು.

ಪೊರೆ ಬಿಟ್ಟ ಏಡಿ ಎಲ್ಲೂ ಕಾಣದೆ, ಡಾಕ್ಟರಮ್ಮನ ಮಾತೇ ತಪ್ಪಾಯಿತೇನೋ ಎಂದು ನನಗೂ ಅನುಮಾನ ಬರುವಷ್ಟು ದಿನ ಕಳೆದವು. ಒಂದು ಸಂಜೆ ಮನೆಗೆ ಬಂದಾಗ ಮಾವ ಕುರ್ಚಿಯಿಂದ ಎದ್ದು ನಿಂತು ಗಾಜಿಗೆ ಮೂಗು ತಾಗಿಸಿದ್ದರು. ನಾವು ಹಾಕಿಟ್ಟಿದ್ದ ಖಾಲಿ ಶಂಖಗಳಲ್ಲೊಂದು ನಡೆಯುತ್ತಿತ್ತು. ಹೊರಗೆ ಚಾಚಿದ ಕಾಲು ಹಸಿ ಕುಂಕುಮದಷ್ಟು ಕೆಂಪು.

ಈಗ ಕಲ್ಲುಗಳು ಕಲ್ಲಿನ ಬಣ್ಣಕ್ಕೆ ಮರಳಿವೆ, ಪಾಚಿ ಹಿಂಬದಿಯ ಗಾಜಿನ ಮೇಲಷ್ಟೇ ಉಳಿದಿದೆ. ಮುದುಡಿದ್ದ ಹವಳ ಮೊದಲು ಒಂದು ಅಂಚಿನಲ್ಲಿ, ಆಮೇಲೆ ಪೂರ್ತಿ ಬಿಚ್ಚಿಕೊಂಡಿತು. ನೀರಿನಲ್ಲಿ ಅದರ ಬೆರಳುಗಳು ಅಲುಗುವುದನ್ನು ನೋಡುತ್ತ ಇಬ್ಬರೂ ಸುಮ್ಮನೆ ಕೂರುತ್ತೇವೆ. ಹಾಲಿಗೆ ಬರುವ ಪಕ್ಕದ ಮನೆಯಾಕೆ ಒಮ್ಮೆ ಒಳಗೆ ಇಣುಕಿ, "ಇದ್ಯಾಕಣ್ಣ, ಎಂಡ್ರಕಾಯಿ ಸಾಕ್ಕೊಂಡಿದೀರಾ? ಸಾರಿಗಾ?" ಎಂದು ಕೇಳಿದರು.

"ಸುಮ್ಕಿರಮ್ಮ," ಎಂದರು ಮಾವ, ದನಿ ತಗ್ಗಿಸಿ. "ಅವು ಮೇಯ್ತಾ ಅವೆ."