ಐನೋರು ಕುರಿ ತಿಂದದ್ದು

ಜಗಳೂರಿನ ಬಸ್ಸಿನಲ್ಲಿ ಕೂತು, ನಾನೇ ಅನುವಾದಿಸಿದ ಐಸ್‌ಲ್ಯಾಂಡಿನ ಕಾದಂಬರಿಯೊಂದನ್ನು ತಿದ್ದುತ್ತಿದ್ದೆ. ವಾಕ್ಯ ಕಿವಿಗೆ ಹೇಗೆ ಕೇಳುತ್ತದೋ ನೋಡೋಣವೆಂದು ತುಸು ಗಟ್ಟಿಯಾಗಿಯೇ ಓದಿಕೊಂಡೆ: "ಹಿಮದಲ್ಲಿ ದಾರಿ ತಪ್ಪಿದ ಐನಾರ್ ಮೂರು ದಿನ ಹಸಿದಿದ್ದು, ಕೊನೆಗೆ ತನ್ನ ಕುರಿಯನ್ನೇ ಕೊಯ್ದು ತಿಂದ."

ಪಕ್ಕದಲ್ಲಿ ಬುತ್ತಿಗಂಟು ಹಿಡಿದು ಕೂತಿದ್ದ ಅಜ್ಜಿ ನನ್ನ ತೋಳು ಹಿಡಿದರು. "ಏನ್ರೀ ಅದು? ಐನೋರು ಕುರಿ ತಿಂದ್ರಾ?"

ನಮ್ಮ ಕಡೆ ಐನೋರು ಅಂದರೆ ಮನೆಗೆ ಪೂಜೆಗೆ ಬರುವ ಜಂಗಮರು, ಮಾಂಸದ ಮಾತೆತ್ತಿದರೇ ಎದ್ದು ಹೋಗುವವರು.

"ಐನೋರಲ್ಲ ಅಜ್ಜಿ, ಐನಾರ್. ಅದು ಅವನ ಹೆಸರು."

"ಅಂಥ ಹೆಸರು ಇಟ್ಕೊಂಡ ಮ್ಯಾಲೆ ಹಂಗೇ ನಡ್ಕೋಬೇಕಪ್ಪ!" ಅಂತ ಹಿಂದಿನ ಸೀಟಿನವರು ಗುಡುಗಿದರು.

ಕಂಡಕ್ಟರ್ ಟಿಕೆಟ್ ಕೊಡುವುದನ್ನು ಬಿಟ್ಟು ಓಡಿ ಬಂದರು. "ಯಾವೂರ ಐನೋರು?"

"ಐಸ್‌ಲ್ಯಾಂಡು."

"ಹಂಗಾರೆ ನಮ್ಮ ರೂಟಿನಾಗೆ ಇಲ್ಲ ಬಿಡ್ರಿ" ಎಂದು ನಿಟ್ಟುಸಿರು ಬಿಟ್ಟರು.

ನಗು ತಡೆಯಲಾರದೆ ನನ್ನ ಕಣ್ಣಲ್ಲಿ ನೀರು ಬಂತು. ಅಜ್ಜಿ ಅದನ್ನು ಪಶ್ಚಾತ್ತಾಪವೆಂದೇ ತಿಳಿದರು. ಗಂಟು ಬಿಚ್ಚಿ ಒಂದು ಜೋಳದ ರೊಟ್ಟಿಯನ್ನು ನನ್ನ ಹಾಳೆಯ ಮೇಲಿಟ್ಟು, "ಅಳಬ್ಯಾಡ್ರಿ. ಪೆನ್ನು ನಿಮ್ಮ ಕೈಯಾಗೇ ಐತಲ್ಲ, ಇದನ್ನ ಆ ಐನೋರಿಗೆ ಕೊಟ್ಟುಬಿಡ್ರಿ" ಅಂದರು.

ಅನುವಾದಕ ಮೂಲಕ್ಕೆ ನಿಷ್ಠನಾಗಿರಬೇಕು ಅಂತ ಊರೂರಲ್ಲಿ ಭಾಷಣ ಮಾಡಿದವನು ನಾನು. ಪುಸ್ತಕ ಈಗ ಅಚ್ಚಾಗಿದೆ, ಕುರಿ ಬದುಕಿದೆ. ಆ ಹಿಮದ ನಡುವೆ ಜೋಳದ ರೊಟ್ಟಿ ಎಲ್ಲಿಂದ ಬಂತು ಅಂತ ಇವತ್ತಿನವರೆಗೆ ಒಬ್ಬ ವಿಮರ್ಶಕರೂ ಕೇಳಿಲ್ಲ.